ಎರಡಾಣೆಯ ಚೀಲ: ಹೋಟೆಲಿನ ದುಡ್ಡಿನ ಲೆಕ್ಕ ಬರೆದವರ ಚರಿತ್ರೆ



ಸೆಪ್ಟೆಂಬರ್ 21 ಸಂತ ಮತ್ತಾಯರ ಹಬ್ಬ. ಸುಂಕದ ಕಟ್ಟೆಯಲ್ಲಿ ಕೂತು ಲೆಕ್ಕ ಬರೆಯುತ್ತಿದ್ದ ಮತ್ತಾಯರನ್ನು ಯೇಸುಸ್ವಾಮಿ ಕರೆದದ್ದನ್ನು ಅಂದು ನೆನೆಯುತ್ತೇವೆ. ಲೆಕ್ಕ ಬರೆಯುವವರಿಗೂ ಬ್ಯಾಂಕಿನವರಿಗೂ ಅವರೇ ಪಾಲಕ ಸಂತ. 2025ರಲ್ಲಿ ಆ ದಿನ ಭಾನುವಾರ ಬಂತು. ಆದ್ದರಿಂದ ಹಬ್ಬದ ವಾಚನಗಳ ಬದಲು ಭಾನುವಾರದ ವಾಚನಗಳನ್ನೇ ಓದಲಾಯಿತು. ಶುಭಸಂದೇಶ ಲೂಕನ ಹದಿನಾರನೆಯ ಅಧ್ಯಾಯದ್ದು. ಕೆಲಸ ಹೋಗುವ ಭಯದಲ್ಲಿ ಒಬ್ಬ ಮೇಲ್ವಿಚಾರಕ ಯಜಮಾನನ ಸಾಲಗಾರರನ್ನು ಕರೆದು, ಅವರ ಪತ್ರಗಳಲ್ಲಿ ನೂರು ಇದ್ದದ್ದನ್ನು ಒಬ್ಬನಿಗೆ ಐವತ್ತು, ಇನ್ನೊಬ್ಬನಿಗೆ ಎಂಬತ್ತು ಎಂದು ಬರೆಸಿದ ಕಥೆ ಅದು.

ಅದೇ ರಾತ್ರಿ ಹನ್ನೆರಡಕ್ಕೆ ದೇಶದಲ್ಲಿ ಜಿಎಸ್‌ಟಿ ದರಗಳು ಬದಲಾದವು. ನಮ್ಮ ಯುವಜನ ಸಂಘದ ಅಣ್ಣನೊಬ್ಬರು ಬೆಂಗಳೂರಿನಲ್ಲಿ ಸೀನಿಯರ್ ಸಾಫ್ಟ್‌ವೇರ್ ಎಂಜಿನಿಯರ್. ಹೋಟೆಲುಗಳಿಗೆ ಬಿಲ್ಲು, ಪಾವತಿ, ಸಾಲ ಇವುಗಳ ವ್ಯವಸ್ಥೆ ಕಟ್ಟುವುದು ಅವರ ಕೆಲಸ. ವಾರಾಂತ್ಯಕ್ಕೆ ಊರಿಗೆ ಬಂದಿದ್ದವರು ಬೆಳಿಗ್ಗೆ ಬಲಿಪೂಜೆಯಲ್ಲಿ ಮೇಲ್ವಿಚಾರಕನ ಕಥೆ ಕೇಳಿದರು. ರಾತ್ರಿಯಿಡೀ ಲ್ಯಾಪ್‌ಟಾಪಿನ ಮುಂದೆ ಕೂತು ಸಾವಿರಾರು ಹೋಟೆಲುಗಳ ಬಿಲ್ಲಿನಲ್ಲಿ ಹೊಸ ದರ ಸರಿಯಾಗಿ ಬೀಳುತ್ತಿದೆಯೇ ಎಂದು ಕಾದರು. ಅವರ ಕೆಲಸ ಏನು, ಅದು ಎಷ್ಟು ಹಳೆಯದು ಎಂಬ ಮಾತು ನಮ್ಮ ನಡುವೆ ಎದ್ದದ್ದು ಅದಕ್ಕೆ ಎರಡು ವಾರ ಮೊದಲು, ತಮಿಳುನಾಡಿನ ಪಲ್ಲಡಂನಲ್ಲಿ ಊಟಕ್ಕೆ ಕೂತಾಗ. ಆ ಊಟದಿಂದಲೇ ಶುರು ಮಾಡುತ್ತೇವೆ.

ಪಲ್ಲಡಂನ ಮೆಸ್ಸು

ಸೆಪ್ಟೆಂಬರ್ 5ರಂದು ನಾವು ಹದಿನಾಲ್ಕು ಮಂದಿ ಟೆಂಪೋ ಟ್ರಾವೆಲರ್ ಮಾಡಿಕೊಂಡು ವೇಳಾಂಕಣಿಗೆ ಹೊರಟಿದ್ದೆವು. ದಿಂಬಂ ಘಾಟಿ ಇಳಿದು, ಸತ್ಯಮಂಗಲ ದಾಟಿ, ದಾರಿಯಲ್ಲಿ ಕರುಮತ್ತಂಪಟ್ಟಿಯ ಜಪಸರ ಮಾತೆಯ ದರ್ಶನ ಮಾಡಿಕೊಂಡು ಹೋಗುವ ಆಸೆ. ಕೊಯಮತ್ತೂರು ಸೀಮೆಯ ಅತಿ ಹಳೆಯ ಕಥೋಲಿಕ ನೆಲೆಗಳಲ್ಲಿ ಅದೂ ಒಂದು. ಧರ್ಮಾಧ್ಯಕ್ಷ ಬ್ರೆಸಿಲಾಕ್ ಅವರಿಗೆ 1846ರಲ್ಲಿ ಅಭಿಷೇಕವಾದದ್ದು ಅಲ್ಲೇ. ಈ ಸೀಮೆ ನಮಗೆ ಪರಕೀಯವೂ ಅಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ನಮ್ಮ ಮುತ್ತಜ್ಜಂದಿರು ಜಿಲ್ಲಾ ಕಚೇರಿಗೆ ಹೋಗಬೇಕಾದರೆ ಘಾಟಿ ಇಳಿಯುತ್ತಿದ್ದರು.

ಕರುಮತ್ತಂಪಟ್ಟಿಯಿಂದ ಸೋಮನೂರಿನ ಮಗ್ಗಗಳ ಸದ್ದು ದಾಟಿ ತಿರುಚಿ ಹೆದ್ದಾರಿಗೆ ಸೇರಿದಾಗ ಮಧ್ಯಾಹ್ನ ಒಂದೂವರೆ. ಪಲ್ಲಡಂನಲ್ಲಿ ರಸ್ತೆ ಬದಿಯ ಒಂದು ಸಣ್ಣ ಮೆಸ್ಸಿಗೆ ನುಗ್ಗಿದೆವು. ಹರಕೆಯ ವ್ರತದಲ್ಲಿದ್ದ ಕಾರಣ ಕೋಳಿ ಬೇಡವೆಂದೆವು. ಪಲ್ಲಡಂನಲ್ಲಿ ಕೋಳಿ ಬೇಡವೆನ್ನುವುದು ಮಂಗಳೂರಿನಲ್ಲಿ ಮೀನು ಬೇಡವೆಂದಂತೆ. ಬಡಿಸುತ್ತಿದ್ದ ಅಕ್ಕ ನಕ್ಕರು. ನಮ್ಮ ಮಾತು ಕಿವಿಗೆ ಬಿದ್ದು ಅವರೂ ಕನ್ನಡದಲ್ಲೇ ಮಾತಿಗಿಳಿದರು. ಹಿಂದೆ ನೇಯ್ಗೆ ಮಾಡುತ್ತಿದ್ದ ಕುಟುಂಬ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಓದಲು ಬರೆಯಲು ತಮಿಳೊಂದೇ. ಮಗ್ಗ ಮಾರಿ ಮೆಸ್ಸು ಹಾಕಿದ್ದರು.

ದುಡ್ಡು ಕೊಡುವ ಹೊತ್ತಿಗೆ ಅಣ್ಣ ಫೋನು ತೆಗೆದು ಕ್ಯೂಆರ್ ಸ್ಕ್ಯಾನ್ ಮಾಡಿದರು. ಸಣ್ಣ ಪೆಟ್ಟಿಗೆಯೊಂದು ತಮಿಳಿನಲ್ಲಿ ಮೊತ್ತ ಕೂಗಿತು. "ನೀವು ಕೊಟ್ಟದ್ದರಲ್ಲಿ ಅರ್ಧ ನನಗೆ ಕಾಣಲ್ಲ ಬಿಡಿ" ಎಂದರು ಅಕ್ಕ. ಹೇಗೆಂದು ಕೇಳಿದೆವು. ಆ್ಯಪಿನಲ್ಲಿ ಸಾಲ ಬಂದಿತ್ತು. ಕಾಗದವಿಲ್ಲ, ಜಾಮೀನಿಲ್ಲ, ಹತ್ತು ನಿಮಿಷದಲ್ಲಿ ಖಾತೆಗೆ ದುಡ್ಡು. ವಾಪಸು ದಿನವೂ ಇಷ್ಟು ಎಂದು ಕ್ಯೂಆರ್ ವ್ಯಾಪಾರದಿಂದಲೇ ಕಟಾವು. ಅಷ್ಟರಲ್ಲಿ ಅವರ ಮಾವ ತೀರಿಕೊಂಡರು. ಹನ್ನೊಂದು ದಿನ ಬಾಗಿಲು ಹಾಕಿದ್ದರು. ಕಟಾವು ನಿಲ್ಲಲಿಲ್ಲ. ಖಾತೆಯಲ್ಲಿ ಹಣವಿಲ್ಲದ ದಿನ ದಂಡವೂ ಬಿತ್ತು.

"ಮೊದಲು ತಂಡಲ್ ತಗೊಳ್ತಿದ್ವಿ. ಬಡ್ಡಿ ಜಾಸ್ತಿ, ಇಲ್ಲ ಅನ್ನಲ್ಲ. ಆದ್ರೆ ಆ ತಂಡಲ್‌ಕಾರ ಸಾವಿನ ಮನೆಗೆ ಬಂದು ಮಾಲೆ ಹಾಕಿ ಹೋದ. ಹನ್ನೊಂದು ದಿನ ಈ ಕಡೆ ತಲೆ ಹಾಕಲಿಲ್ಲ. ಈ ಫೋನಿಗೆ ಸಾವು ಗೊತ್ತಾಗಲ್ಲ."

ವಾಹನ ಹತ್ತಿದ ಮೇಲೆ ಅಣ್ಣ ಕರೂರಿನವರೆಗೆ ಹೆಚ್ಚು ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಇಷ್ಟು: "ಆ ಫೋನಿಗೆ ಸಾವು ಗೊತ್ತಾಗದ ಹಾಗೆ ಬರೆದದ್ದು ಯಾರೋ ನನ್ನಂಥವನೇ."

ಅಂದಿನಿಂದ ನಾವು ಈ ವಿಷಯ ಓದತೊಡಗಿದೆವು. ಓದಿದಷ್ಟೂ ಗೊತ್ತಾದದ್ದೇನೆಂದರೆ, ಸಣ್ಣ ವ್ಯಾಪಾರಿಯ ಗಲ್ಲಾಪೆಟ್ಟಿಗೆಗೆ ದಿನವೂ ಒಂದು ಕೈ ಬರುವುದು ಹೊಸದಲ್ಲ. ಆ ಕೈ ಎತ್ತಿಕೊಳ್ಳಲು ಬಂತೋ ಇಡಲು ಬಂತೋ, ಅದಕ್ಕೆ ನಿಯಮ ಬರೆದವರು ಯಾರು, ಇದೇ ಚರಿತ್ರೆ.

ಇಬ್ಬರು ಫ್ರಾನ್ಸಿಸ್ಕನರ ಕೆಲಸ

ಹದಿನೈದನೆಯ ಶತಮಾನದ ಇಟಲಿಯ ಪಟ್ಟಣಗಳಲ್ಲಿ ಬಡ ಕಸುಬುದಾರನಿಗೆ ತುರ್ತು ಸಾಲ ಬೇಕಾದರೆ ದುಬಾರಿ ಬಡ್ಡಿಯೇ ಗತಿ. ಬಡ್ಡಿ ಪಾಪವೆಂದು ಬೋಧಿಸಿದರೆ ಸಾಲದ ಅಗತ್ಯವೇನೂ ಕರಗುವುದಿಲ್ಲ. ಇದನ್ನು ಕಂಡ ಫ್ರಾನ್ಸಿಸ್ಕನ್ ಸಭೆಯ ಗುರುಗಳು ಬೇರೆ ದಾರಿ ಹುಡುಕಿದರು. 1462ರಲ್ಲಿ ಪೆರೂಜಾ ಪಟ್ಟಣದಲ್ಲಿ, ಮಿಕೇಲೆ ಕರ್ಕಾನೊ ಎಂಬ ಗುರುವಿನ ಬೋಧನೆಯ ಪ್ರೇರಣೆಯಿಂದ, ಒಂದು ಸಾಲದ ನಿಧಿ ಹುಟ್ಟಿತು. ಹೆಸರು ಮೋಂಟೆ ದಿ ಪಿಯೆತಾ, ಎಂದರೆ ಕರುಣೆಯ ರಾಶಿ. ಉಳ್ಳವರಿಂದ ಹಣ ಒಟ್ಟು ಮಾಡಿ, ಸಣ್ಣ ಅಡವಿನ ಮೇಲೆ ಬಡವರಿಗೆ ಸಾಲ ಕೊಡುವುದು. ನಿಧಿ ನಡೆಸುವ ಖರ್ಚಿಗೆ ಮಾತ್ರ ಅಲ್ಪ ಶುಲ್ಕ.

ಆ ಅಲ್ಪ ಶುಲ್ಕವೇ ದೊಡ್ಡ ವಾದವಾಯಿತು. ಅದೂ ಬಡ್ಡಿಯೇ ಅಲ್ಲವೇ ಎಂದು ಬೇರೆ ಸಭೆಗಳ ಪಂಡಿತರು ಕೇಳಿದರು. ಅರ್ಧ ಶತಮಾನ ನಡೆದ ವಾದಕ್ಕೆ 1515ರಲ್ಲಿ ಐದನೆಯ ಲ್ಯಾಟೆರನ್ ಮಹಾಸಭೆಯಲ್ಲಿ, ಜಗದ್ಗುರು ಹತ್ತನೆಯ ಲಿಯೋ ಅವರ ಕಾಲದಲ್ಲಿ, ತೀರ್ಪು ಬಂತು. ಖರ್ಚು ನೀಗಿಸುವಷ್ಟು ಶುಲ್ಕ ತಪ್ಪಲ್ಲ, ಅದಕ್ಕಿಂತ ಹೆಚ್ಚು ಲಾಭ ಮಾಡುವಂತಿಲ್ಲ. ಸಾಲದ ಸೇವೆಗೆ ನ್ಯಾಯವಾದ ಬೆಲೆ ಎಷ್ಟು ಎಂಬ ಪ್ರಶ್ನೆಯನ್ನು ನಮ್ಮ ಸಭೆ ಐನೂರು ವರ್ಷಗಳ ಹಿಂದೆಯೇ ಮೈಮೇಲೆ ಹಾಕಿಕೊಂಡಿತ್ತು.

ಎರಡನೆಯವರು ಲೂಕಾ ಪಚೋಲಿ. ಇವರೂ ಫ್ರಾನ್ಸಿಸ್ಕನ್ ಸಭೆಯವರು, ಗಣಿತದ ಮೇಷ್ಟ್ರು. 1494ರಲ್ಲಿ ವೆನಿಸಿನಲ್ಲಿ ಅಚ್ಚಾದ ಅವರ ಗಣಿತ ಗ್ರಂಥದ ಒಂದು ಭಾಗದಲ್ಲಿ ವೆನಿಸಿನ ವರ್ತಕರು ಲೆಕ್ಕ ಇಡುತ್ತಿದ್ದ ರೀತಿಯನ್ನು ವಿವರಿಸಿದರು. ಆ ರೀತಿಯನ್ನು ಕಂಡುಹಿಡಿದವರು ಅವರಲ್ಲ. ಆದರೆ ಎಲ್ಲರಿಗೂ ಅರ್ಥವಾಗುವಂತೆ ಅಚ್ಚು ಹಾಕಿಸಿದವರಲ್ಲಿ ಅವರೇ ಮೊದಲಿಗರು. ಮೂರು ಪುಸ್ತಕ: ಕೂಡಲೇ ಗೀಚುವ ಚಿಟ್ಟಾ, ದಿನದ ರೋಜು, ಕೊನೆಗೆ ಖಾತೆ ಪುಸ್ತಕ. ಪ್ರತಿ ವ್ಯವಹಾರವೂ ಖಾತೆಯಲ್ಲಿ ಎರಡು ಕಡೆ ಬರೆಯಬೇಕು, ಯಾರಿಂದ ಹೋಯಿತು, ಯಾರಿಗೆ ಬಂತು. ಎರಡೂ ಬದಿಯ ಮೊತ್ತ ತಾಳೆಯಾಗಬೇಕು. ಪುಸ್ತಕದ ಆರಂಭದಲ್ಲಿ ದೇವರ ಹೆಸರು ಬರೆಯಬೇಕೆಂದೂ ಅವರು ಹೇಳುತ್ತಾರೆ. ನಮ್ಮೂರ ಶೆಟ್ಟರ ಅಂಗಡಿಯ ಲೆಕ್ಕದ ಪುಸ್ತಕದ ತಲೆಯಲ್ಲೂ ದೇವರ ಹೆಸರೇ ಅಲ್ಲವೇ?

ಅಣ್ಣ ದಿನವೂ ಬರೆಯುವ ಕೋಡಿನ ಹೊಟ್ಟೆಯಲ್ಲಿ ಇರುವುದು ಇದೇ ಎರಡು ಬದಿಯ ಖಾತೆ ಎಂದು ತಿಳಿದಾಗ ನಮಗೆ ಆಶ್ಚರ್ಯವಾಯಿತು. ಮೆಸ್ಸಿನಲ್ಲಿ ನಾವು ಕೊಟ್ಟ ಊಟದ ದುಡ್ಡು ಒಂದು ಕಡೆ ಕಳೆದು ಇನ್ನೊಂದು ಕಡೆ ಕೂಡುತ್ತದೆ. ತಪ್ಪಾದರೆ ಹಳೆಯ ಸಾಲನ್ನು ಅಳಿಸುವಂತಿಲ್ಲ, ಎದುರು ನಮೂದು ಬರೆದು ಸರಿಪಡಿಸಬೇಕು. ಕಾಗದ ಹೋಗಿ ಸರ್ವರ್ ಬಂದರೂ ಶಿಸ್ತು ಬದಲಾಗಿಲ್ಲ.

ಉಡುಪಿಯ ಚೀಲ, ಕೊಂಗುನಾಡಿನ ಚೀಲ

ಈಗ ನಮ್ಮ ನಾಡಿಗೆ ಬರೋಣ. ಉಡುಪಿ ಎಂದೊಡನೆ ಹೋಟೆಲು ನೆನಪಾಗುತ್ತದೆ. ಬರಿಗೈಲಿ ಮದರಾಸು ಸೇರಿ, ಅಡುಗೆಮನೆಯಲ್ಲಿ ದುಡಿದು, 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕೆ. ಕೃಷ್ಣರಾಯರ ಕಥೆ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಅದೇ ಉಡುಪಿ ದೇಶಕ್ಕೆ ಒಂದು ಹಣಕಾಸಿನ ಉಪಾಯವನ್ನೂ ಕೊಟ್ಟಿತು. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪಿಸಿದರು. ಬಂಡವಾಳ 8,000 ರೂಪಾಯಿ. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಉದ್ದೇಶ. ಮುಂದೆ ಇದೇ ಸಿಂಡಿಕೇಟ್ ಬ್ಯಾಂಕ್ ಆಯಿತು. 1969ರಲ್ಲಿ ರಾಷ್ಟ್ರೀಕರಣವಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು. ಬ್ಯಾಂಕಿನ ಏಜೆಂಟ್ ಮನೆ, ಅಂಗಡಿಗಳ ಬಾಗಿಲಿಗೇ ಬಂದು ಪಡೆದು, ಪುಸ್ತಕದಲ್ಲಿ ಬರೆದು ಹೋಗುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವವರ ಹತ್ತಿರಕ್ಕೆ ಬ್ಯಾಂಕೇ ನಡೆದುಬಂತು. ಸಂಜೆ ಗಲ್ಲಾಪೆಟ್ಟಿಗೆ ಮುಚ್ಚುವ ಮುಂಚೆ ಒಂದಿಷ್ಟು ತೆಗೆದಿಟ್ಟರೆ ವರ್ಷದ ಕೊನೆಗೆ ಪಾತ್ರೆ ಕೊಳ್ಳಲೋ, ಮಗಳ ಮದುವೆಗೋ ಕೈಗೆ ಒಂದು ಗಂಟು. ಇವತ್ತಿಗೂ ನಮ್ಮ ಪೇಟೆಗಳಲ್ಲಿ ಸೊಸೈಟಿಗಳ ಪಿಗ್ಮಿಯವರು ಅಂಗಡಿಯಿಂದ ಅಂಗಡಿಗೆ ಹೋಗುವುದನ್ನು ನೀವೆಲ್ಲ ನೋಡಿದ್ದೀರಿ.

ಘಾಟಿಯ ಆಚೆ ಕೊಂಗುನಾಡಿನ ಬೀದಿಗಳಲ್ಲಿಯೂ ಸಂಜೆ ಚೀಲ ಹಿಡಿದವನು ಬರುತ್ತಾನೆ. ಅವನು ತಂಡಲ್‌ಕಾರ. ಅವನ ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ: ಹತ್ತು ಸಾವಿರ ಸಾಲವೆಂದು ಬರೆದು ಕೈಗೆ 8,500 ಕೊಡುತ್ತಾನೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ಕೇಳಿದರೆ ಶೇ. 15 ಎನ್ನಿಸುತ್ತದೆ. ಬಿಎಸ್ಸಿ ಓದಿದ ನಮ್ಮಂಥವರು ಪೆನ್ಸಿಲ್ ಹಿಡಿದು ಕೂತರೆ ಬೇರೆ ಉತ್ತರ ಬರುತ್ತದೆ. ಮೊದಲ ದಿನದಿಂದಲೇ ಅಸಲು ಕರಗುತ್ತ ಹೋಗುವುದರಿಂದ 8,500 ರೂಪಾಯಿ ಪೂರ್ತಿ ನೂರು ದಿನ ಕೈಯಲ್ಲಿ ಇರುವುದೇ ಇಲ್ಲ. ಸರಿಯಾಗಿ ಲೆಕ್ಕ ಹಾಕಿದರೆ ಬಡ್ಡಿ ದಿನಕ್ಕೆ ಸುಮಾರು ಶೇ. 0.33, ವರ್ಷಕ್ಕೆ ಸುಮಾರು ಶೇ. 120.

ಈ ಪದ್ಧತಿ ಎಷ್ಟು ಬೇರೂರಿತ್ತೆಂದರೆ, ತಮಿಳುನಾಡು ಸರ್ಕಾರ 2003ರಲ್ಲಿ ವಿಪರೀತ ಬಡ್ಡಿ ನಿಷೇಧಿಸುವ ಕಾಯಿದೆ ತಂದಾಗ ದಿನಬಡ್ಡಿ, ಮೀಟರ್ ಬಡ್ಡಿ, ಕಂದುಬಡ್ಡಿಗಳ ಜೊತೆ ತಂಡಲ್ ಎಂಬ ಪದವನ್ನೂ ಕಾನೂನಿನಲ್ಲೇ ಬರೆಯಬೇಕಾಯಿತು. ಮರುವರ್ಷ ಕರ್ನಾಟಕವೂ ಅಂಥದೇ ಕಾಯಿದೆ ತಂದಿತು. ಕಾನೂನು ಬಂದ ಮೇಲೂ ಜನ ತಂಡಲ್ ಬಿಡಲಿಲ್ಲ. ಬೆಳಿಗ್ಗೆ ಕೋಳಿ ಕೊಳ್ಳಲು ಕೈಯಲ್ಲಿ ಹಣ ಬೇಕು, ಅದನ್ನು ಬೆಳಿಗ್ಗೆಯೇ ಕೊಡುವವನು ಅವನೊಬ್ಬನೇ.

ಒಂದೇ ಬಗೆಯ ಚೀಲ, ಒಂದೇ ಸಂಜೆ, ಒಂದೇ ಸಣ್ಣ ಮೊತ್ತ. ಉಡುಪಿಯ ಚೀಲ ವ್ಯಾಪಾರಿಯ ನಾಳೆಯನ್ನು ಕೂಡಿಡುತ್ತದೆ, ಕೊಂಗುನಾಡಿನ ಚೀಲ ಅವನ ನಾಳೆಯನ್ನು ಇವತ್ತೇ ತೆಗೆದುಕೊಂಡು ಹೋಗುತ್ತದೆ.

ಕೋಳಿಯ ಬೆಲೆ

ಮೆಸ್ಸಿನವರಿಗೆ ದಿನದಿನವೂ ಹಣ ಏಕೆ ಬೇಕು ಎಂದು ತಿಳಿಯಬೇಕಾದರೆ ಪಲ್ಲಡಂನ ಇನ್ನೊಂದು ಮುಖ ನೋಡಬೇಕು. ತಮಿಳುನಾಡಿನ ಬ್ರಾಯ್ಲರ್ ಕೋಳಿಯ ಫಾರಂ ಬೆಲೆ ಪ್ರಕಟಿಸುವ ಬ್ರಾಯ್ಲರ್ ಸಮನ್ವಯ ಸಮಿತಿ ಇರುವುದು ಈ ಊರಿನಲ್ಲಿ. ಆ ಬೆಲೆ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಮೆಸ್ಸಿನ ಗೋಡೆಯ ಮೇಲಿನ ಬಿರಿಯಾನಿಯ ಬೆಲೆ ಹಾಗೆ ದಿನವೂ ಬದಲಾಗುವಂತಿಲ್ಲ. ನಡುವಿನ ವ್ಯತ್ಯಾಸ ಮೆಸ್ಸಿನವರ ಜೇಬಿನಿಂದ ಹೋಗುತ್ತದೆ.

ಇದೇ ಸೀಮೆ ಕೋಳಿ ಸಾಕುವವರಿಗೆ ಒಂದು ದಾರಿ ಕಂಡುಕೊಂಡಿತ್ತು. ಉಡುಮಲೈಪೇಟೆಯಲ್ಲಿ ಸೌಂದರರಾಜನ್, ಸುಂದರರಾಜನ್ ಸಹೋದರರು ಕಟ್ಟಿದ ಸುಗುಣ ಸಂಸ್ಥೆ 1990ರ ದಶಕದಲ್ಲಿ ಒಪ್ಪಂದದ ಸಾಕಣೆಯನ್ನು ಬೆಳೆಸಿತು. ಮರಿ, ಮೇವು, ಔಷಧ ಕಂಪನಿಯದು. ಶೆಡ್ಡು, ದುಡಿಮೆ ರೈತನದು. ಕೋಳಿ ಬೆಳೆದ ಮೇಲೆ ಕಂಪನಿಯೇ ಒಯ್ದು ಕಿಲೋ ಲೆಕ್ಕದಲ್ಲಿ ಸಾಕಣೆ ಕೂಲಿ ಕೊಡುತ್ತದೆ. ಕೂಲಿ ಸಾಲದು ಎಂಬ ಜಗಳ ಅಲ್ಲೂ ಇದೆ. ಆದರೂ ಮೇವಿಗೆಂದು ರೈತ ತಂಡಲ್‌ಕಾರನ ಮುಂದೆ ಕೈಚಾಚಬೇಕಿಲ್ಲ, ಪೇಟೆ ಕುಸಿದ ದಿನ ನಷ್ಟವೆಲ್ಲ ಅವನೊಬ್ಬನ ತಲೆಯ ಮೇಲೆ ಬೀಳುವುದಿಲ್ಲ. ಕೋಳಿ ಬೇಯಿಸಿ ಮಾರುವ ಮೆಸ್ಸಿನ ಅಕ್ಕನಿಗೆ ಅಂಥ ಆಸರೆ ಯಾವುದೂ ಇರಲಿಲ್ಲ.

ಕ್ರೀಮ್ ಬನ್ನೂ ಕಂಪ್ಯೂಟರೂ

ಹೋಟೆಲಿಗೆ ಕಂಪ್ಯೂಟರ್ ಬಂದದ್ದು ಮೊದಲು ಬಿಲ್ಲಿಗಾಗಿ. ಅದನ್ನು ಅನಿವಾರ್ಯ ಮಾಡಿದ್ದು ತೆರಿಗೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಎಸಿ ಇಲ್ಲದ ಹೋಟೆಲಿಗೆ ಶೇ. 12, ಎಸಿ ಹೋಟೆಲಿಗೆ ಶೇ. 18. ಐದು ತಿಂಗಳು ತುಂಬುವ ಮುನ್ನವೇ, ನವೆಂಬರ್ 15ರಿಂದ ಬಹುತೇಕ ಹೋಟೆಲುಗಳಿಗೆ ಶೇ. 5. ಆದರೆ ಕೊಂಡ ಸಾಮಾನಿನ ಮೇಲೆ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಸೌಲಭ್ಯ ಹೋಯಿತು. 2022ರ ಜನವರಿ 1ರಿಂದ ಆ್ಯಪಿನಲ್ಲಿ ಬಂದ ಆರ್ಡರಿನ ತೆರಿಗೆ ಕಟ್ಟುವ ಹೊಣೆ ಆ್ಯಪಿನ ಕಂಪನಿಯದಾಯಿತು. ಒಂದೇ ಅಡುಗೆಮನೆಯ ಒಂದೇ ದೋಸೆ, ಮೇಜಿನ ಮೇಲೆ ತಿಂದರೆ ಒಂದು ಲೆಕ್ಕ, ಬೈಕಿನಲ್ಲಿ ಹೋದರೆ ಇನ್ನೊಂದು ಲೆಕ್ಕ.

2024ರ ಸೆಪ್ಟೆಂಬರ್ 11ರಂದು ಕೊಯಮತ್ತೂರಿನ ಸಭೆಯೊಂದರಲ್ಲಿ ಅನ್ನಪೂರ್ಣ ಹೋಟೆಲುಗಳ ಶ್ರೀನಿವಾಸನ್ ಅವರು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರ ಮುಂದೆ ಈ ಕಷ್ಟ ಹೇಳಿಕೊಂಡರು. ಬನ್ನಿಗೆ ತೆರಿಗೆ ಇಲ್ಲ, ಒಳಗೆ ಕ್ರೀಮ್ ಹಚ್ಚಿದರೆ ಶೇ. 18. ಬನ್ನು ಬೇರೆ ಕ್ರೀಮ್ ಬೇರೆ ಕೊಡಿ, ನಾವೇ ಹಚ್ಚಿಕೊಳ್ಳುತ್ತೇವೆ ಎಂದು ಗಿರಾಕಿಗಳು ಹೇಳುತ್ತಾರಂತೆ. ಒಂದು ಕುಟುಂಬ ಬಂದು ಸಿಹಿ, ಖಾರ, ಬನ್ನು ಎಲ್ಲ ತಿಂದರೆ ಬಿಲ್ಲು ಮಾಡಲು ಕಂಪ್ಯೂಟರೇ ತಿಣುಕುತ್ತದೆ ಎಂಬುದು ಅವರ ಮಾತಿನ ಸಾರ. ಸಭೆ ನಕ್ಕಿತು. ಆ ಮೇಲೆ ಎದ್ದ ರಾಜಕೀಯ ಗಲಾಟೆ ನಮ್ಮ ವಿಷಯವಲ್ಲ. ಒಂದು ವರ್ಷದ ನಂತರ, 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ಕೇಕು, ಬಿಸ್ಕತ್ತು ಮುಂತಾದ ಬೇಕರಿ ತಿನಿಸುಗಳನ್ನು ಶೇ. 18ರಿಂದ ಶೇ. 5ಕ್ಕೆ ಇಳಿಸಲು ತೀರ್ಮಾನಿಸಿತು. ಜಾರಿ 22ರಿಂದ. ನಾವು ಪಲ್ಲಡಂನಲ್ಲಿ ಕೂತಿದ್ದಾಗ ಅಣ್ಣನ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿದ್ದದ್ದು ಇದಕ್ಕೇ.

ಇಂಥ ರಾತ್ರಿ ಏನು ಕಷ್ಟ ಎಂದು ಕೇಳಿದೆವು. ದರ ಬದಲಿಸುವುದು ಕಷ್ಟವಲ್ಲವಂತೆ. ರಾತ್ರಿ 11:50ಕ್ಕೆ ಬಿಲ್ಲಾಗಿ 12:10ಕ್ಕೆ ಒಂದು ತಿಂಡಿ ವಾಪಸಾದರೆ, ವಾಪಸಾತಿಗೆ ಯಾವ ದರ? ಹಳೆಯದೇ. ಹಾಗಾದರೆ ಪ್ರತಿ ಬಿಲ್ಲೂ ತಾನು ಹುಟ್ಟಿದ ಹೊತ್ತಿನ ದರವನ್ನು ಜೊತೆಯಲ್ಲೇ ಇಟ್ಟುಕೊಂಡಿರಬೇಕು. ಅದನ್ನು ಮೊದಲೇ ಯೋಚಿಸಿದವರಿಗೆ ಆ ರಾತ್ರಿ ನಿದ್ದೆ, ಯೋಚಿಸದವರಿಗೆ ಜಾಗರಣೆ.

ಪಾವತಿ ಪುಕ್ಕಟೆ, ಸಾಲ ದುಬಾರಿ

2016ರ ಏಪ್ರಿಲ್ 11ರಂದು ರಿಸರ್ವ್ ಬ್ಯಾಂಕಿನ ಗವರ್ನರ್ ರಘುರಾಂ ರಾಜನ್ ಅವರು ಯುಪಿಐ ಬಿಡುಗಡೆ ಮಾಡಿದರು. ಅದೇ ನವೆಂಬರ್ 8ರ ನೋಟು ರದ್ದತಿ ಸಣ್ಣ ಹೋಟೆಲಿನವರನ್ನೂ ಕ್ಯೂಆರ್ ಅಂಟಿಸುವಂತೆ ಮಾಡಿತು. 2020ರ ಜನವರಿ 1ರಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ ಎಂಬ ನಿಯಮ ಬಂತು. ವ್ಯಾಪಾರಿಗೆ ಒಳ್ಳೆಯದೇ ಆಯಿತು. ಆದರೆ ಪಾವತಿ ನಡೆಸುವ ಕಂಪನಿಗೆ ಆದಾಯ ಎಲ್ಲಿಂದ? ಅದರ ಕೈಯಲ್ಲಿ ಒಂದು ಬೆಲೆಬಾಳುವ ವಸ್ತು ಉಳಿದಿತ್ತು: ಯಾವ ಮೆಸ್ಸಿನಲ್ಲಿ ದಿನಕ್ಕೆ ಎಷ್ಟು ವ್ಯಾಪಾರ ಎಂಬ ಲೆಕ್ಕ. ಆ ಲೆಕ್ಕ ನೋಡಿ ಸಾಲ ಕೊಡಬಹುದು, ಕೊಡಿಸಬಹುದು.

ಈ ಉಪಾಯ ಹೊರದೇಶದಲ್ಲಿ ಮೊದಲೇ ಇತ್ತು. ಅಮೆರಿಕದಲ್ಲಿ ಸ್ಕ್ವೇರ್ ಕಂಪನಿ 2014ರಲ್ಲಿ, ಹೋಟೆಲುಗಳಿಗೆಂದೇ ಬಿಲ್ಲಿಂಗ್ ವ್ಯವಸ್ಥೆ ಮಾಡುವ ಬಾಸ್ಟನ್ನಿನ ಟೋಸ್ಟ್ 2019ರಲ್ಲಿ ಹೀಗೆ ಮುಂಗಡ ಕೊಡುವ ವಿಭಾಗ ತೆರೆದವು. ನಮ್ಮ ಬೆಂಗಳೂರಿನ ಸ್ವಿಗ್ಗಿ 2017ರಲ್ಲೇ ತನ್ನ ಹೋಟೆಲುಗಳಿಗೆ ಸಾಲ ಕೊಡಿಸುವ ಯೋಜನೆ ಆರಂಭಿಸಿತ್ತು. ಜಾಮೀನು ಕೇಳುವ ಬ್ಯಾಂಕಿನ ಬಾಗಿಲು ಮುಚ್ಚಿದವರಿಗೆ ಇದು ನಿಜವಾದ ಸಹಾಯ.

ಆದರೆ ಲೆಕ್ಕ ನೋಡಿ. ಉದಾಹರಣೆಗೆ, ಒಂದು ಲಕ್ಷ ಸಾಲ, ಶುಲ್ಕ ಹತ್ತು ಸಾವಿರ, ದಿನಕ್ಕೆ 1,100ರಂತೆ ನೂರು ದಿನ ಎನ್ನಿ. ಪರದೆಯ ಮೇಲೆ ಶೇ. 10 ಎಂದು ಕಾಣುತ್ತದೆ. ತಂಡಲ್‌ಗೆ ಹಾಕಿದ ಲೆಕ್ಕವನ್ನೇ ಇಲ್ಲಿಯೂ ಹಾಕಿದರೆ ವರ್ಷಕ್ಕೆ ಸುಮಾರು ಶೇ. 70. ತಂಡಲ್‌ಗಿಂತ ಕಡಿಮೆ, ಹೌದು. ಆದರೆ ಹತ್ತು ಎಂದುಕೊಂಡವರಿಗೆ ಎಪ್ಪತ್ತು. 2022ರ ಸೆಪ್ಟೆಂಬರ್ 2ರಂದು ರಿಸರ್ವ್ ಬ್ಯಾಂಕು ಡಿಜಿಟಲ್ ಸಾಲಕ್ಕೆ ಮಾರ್ಗಸೂಚಿ ಹೊರಡಿಸಿ, ಸಾಲ ಪಡೆಯುವವರಿಗೆ ಎಲ್ಲ ಖರ್ಚು ಸೇರಿದ ವಾರ್ಷಿಕ ದರವನ್ನು ಒಂದು ಮುಖ್ಯ ಮಾಹಿತಿ ಪತ್ರದಲ್ಲಿ ಮೊದಲೇ ತೋರಿಸಬೇಕು, ಸಾಲ ಬೇಡವೆನಿಸಿದರೆ ಹಿಂದಿರುಗಿಸಲು ಕೆಲವು ದಿನ ಅವಕಾಶ ಕೊಡಬೇಕು ಎಂದದ್ದು ಇಂಥ ಕಾರಣಗಳಿಗೇ. ಅಂಥ ಪತ್ರ ಅಕ್ಕನ ಫೋನಿಗೂ ಬಂದಿರಬೇಕು. ಅವರು ಅದನ್ನು ಓದಿರಲಿಲ್ಲ.

ಸೀನಿಯರ್ ಎಂದರೆ ಯಾರು?

ಅಣ್ಣನನ್ನು ಕೇಳಿದೆವು, ಈ ಕೆಲಸದಲ್ಲಿ ಜೂನಿಯರ್ ಮತ್ತು ಸೀನಿಯರ್‌ಗೆ ಏನು ವ್ಯತ್ಯಾಸ? ಅವರು ಕೊಟ್ಟ ಉದಾಹರಣೆಗಳು ನಮಗೆ ಅರ್ಥವಾದಷ್ಟು ಇಲ್ಲಿವೆ.

ಹಣವನ್ನು ದಶಮಾಂಶದಲ್ಲಿ ಇಡಬಾರದು. ಕಂಪ್ಯೂಟರಿನ ದ್ವಿಮಾನ ಲೆಕ್ಕದಲ್ಲಿ 0.1, 0.2 ಇಂಥ ಸಂಖ್ಯೆಗಳು ಪೂರ್ತಿ ಹಿಡಿಸುವುದಿಲ್ಲ, ಕೂಡಿದಾಗ ಕೂದಲೆಳೆಯಷ್ಟು ತಪ್ಪು ಬರುತ್ತದೆ. ಆದ್ದರಿಂದ ಎಲ್ಲವೂ ಪೈಸೆಯಲ್ಲಿ, ಪೂರ್ಣಾಂಕವಾಗಿ.

ನೆಟ್‌ವರ್ಕ್ ಕೈಕೊಟ್ಟಾಗ ಗಿರಾಕಿ ಎರಡು ಸಲ ಒತ್ತುತ್ತಾನೆ. ಹಣ ಒಂದೇ ಸಲ ಕಡಿತವಾಗಬೇಕು. ಅದಕ್ಕೆ ಪ್ರತಿ ಕೋರಿಕೆಗೂ ಒಂದು ಗುರುತು ಸಂಖ್ಯೆ. ಅದೇ ಸಂಖ್ಯೆ ಮತ್ತೆ ಬಂದರೆ ಇದು ಆಗಲೇ ಬರೆದಾಗಿದೆ ಎಂದು ಸುಮ್ಮನಿರಬೇಕು. ಮದುವೆ ಮನೆಯಲ್ಲಿ ಮುಯ್ಯಿ ಬರೆಯುವವರು ಅದೇ ಕವರನ್ನು ಎರಡು ಸಲ ಬರೆಯದಂತೆ ನೋಡಿಕೊಳ್ಳುತ್ತಾರಲ್ಲ, ಹಾಗೆ.

ರಾತ್ರಿ ಹೋಟೆಲಿನ ಬಿಲ್ಲು, ಪಾವತಿ ಕಂಪನಿಯ ಪಟ್ಟಿ, ಬ್ಯಾಂಕಿನ ಜಮಾ ಮೂರನ್ನೂ ತಾಳೆ ನೋಡಬೇಕು. ಒಂದು ರೂಪಾಯಿ ವ್ಯತ್ಯಾಸವಿದ್ದರೂ ಹುಡುಕಬೇಕು. ಆ ಒಂದು ರೂಪಾಯಿಯ ಹಿಂದೆ ಲಕ್ಷ ರೂಪಾಯಿಯ ತಪ್ಪು ಅಡಗಿರಬಹುದು.

"ಇದೆಲ್ಲ ಕಲಿತರೆ ಒಳ್ಳೆಯ ಎಂಜಿನಿಯರ್. ಅಂಗಡಿ ಮುಚ್ಚಿದರೆ ಏನಾಗುತ್ತದೆ ಅಂತ ಮೀಟಿಂಗಿನಲ್ಲಿ ಕೇಳುವವನು ಸೀನಿಯರ್" ಎಂದರು ಅಣ್ಣ.

ಈ ಪ್ರಶ್ನೆಗೆ ಇಡೀ ದೇಶವೇ ಒಮ್ಮೆ ಉತ್ತರ ಹುಡುಕಬೇಕಾಗಿ ಬಂದಿತ್ತು. 2020ರ ಮಾರ್ಚ್ 25ರಂದು ಲಾಕ್‌ಡೌನ್. ಹೋಟೆಲುಗಳ ಒಲೆ ಆರಿತು. ಕೋಳಿಯಿಂದ ಕೊರೊನಾ ಬರುತ್ತದೆ ಎಂಬ ಸುಳ್ಳು ಸುದ್ದಿಯಿಂದ ಕೋಳಿಯ ಬೆಲೆ ಅದಕ್ಕೂ ಮೊದಲೇ ನೆಲ ಕಚ್ಚಿತ್ತು. ಮಾರ್ಚ್ 27ರಂದು ರಿಸರ್ವ್ ಬ್ಯಾಂಕು ಸಾಲದ ಕಂತುಗಳನ್ನು ಮೂರು ತಿಂಗಳು ಮುಂದೂಡಲು ಅವಕಾಶ ಕೊಟ್ಟಿತು, ಅದು ಆಗಸ್ಟ್ ಕೊನೆಯವರೆಗೂ ಬೆಳೆಯಿತು. ದಿನಕ್ಕೆ ಇಷ್ಟೇ ಎಂದು ಗೊತ್ತುಪಡಿಸಿದ ಕಟಾವಾದರೆ ವ್ಯಾಪಾರ ಸೊನ್ನೆಯಾದ ದಿನವೂ ಸಾಲ ಬಾಯಿ ತೆರೆದೇ ಇರುತ್ತದೆ. ವ್ಯಾಪಾರದ ನೂರಕ್ಕೆ ಇಷ್ಟು ಎಂದು ಬರೆದಿದ್ದರೆ ಸೊನ್ನೆಯ ಭಾಗ ಸೊನ್ನೆಯೇ. ಸಾಲ ಕಾಯುತ್ತದೆ. ಒಂದೇ ಸಾಲಿನ ಕೋಡು. ಮೊದಲನೆಯದು ಮೆಸ್ಸಿನ ಅಕ್ಕನಿಗೆ ಸಾವಿನ ಮನೆಯಲ್ಲಿ ದಂಡ ಹಾಕುತ್ತದೆ, ಎರಡನೆಯದು ಹನ್ನೊಂದು ದಿನ ಸುಮ್ಮನಿರುತ್ತದೆ.

ಎರಡನೆಯದೇ ಸರಿ ಎಂದು ನಾವು ಸುಲಭವಾಗಿ ಹೇಳಿಬಿಟ್ಟೆವು. ಅಣ್ಣ ತಲೆಯಾಡಿಸಿದರು. ವ್ಯಾಪಾರದ ಭಾಗ ಎಂದು ಬರೆದರೆ ಕೆಲವರು ಬೇರೆ ಕ್ಯೂಆರ್ ಇಟ್ಟು ಅದರಲ್ಲಿ ಹಣ ಪಡೆಯುತ್ತಾರೆ. ಹಾಗಾದಾಗ ನಷ್ಟ ತುಂಬಿಕೊಳ್ಳಲು ಪ್ರಾಮಾಣಿಕರ ಶುಲ್ಕ ಏರುತ್ತದೆ. ವ್ಯಾಪಾರ ಚೆನ್ನಾಗಿದ್ದರೆ ಸಾಲ ಬೇಗ ತೀರುತ್ತದೆ, ಶುಲ್ಕ ಅಷ್ಟೇ ಇದ್ದರೆ ವಾರ್ಷಿಕ ದರ ಇನ್ನೂ ಮೇಲೆ ಹೋಗುತ್ತದೆ. 1515ರವರೆಗೆ ನಡೆದ ವಾದ ಸುಮ್ಮನೆ ಐವತ್ತು ವರ್ಷ ತೆಗೆದುಕೊಳ್ಳಲಿಲ್ಲ.

ಆದರೂ ಅವರು ಒಂದು ಕೆಲಸ ಮಾಡಿದರು. ವೇಳಾಂಕಣಿಯಿಂದ ಬಂದ ಮೇಲೆ ತಮ್ಮ ವ್ಯವಸ್ಥೆಯನ್ನು ತೆರೆದು ನೋಡಿದರು. ಸತತ ಮೂರು ದಿನ ವ್ಯಾಪಾರ ಸೊನ್ನೆಯಾದರೆ ಅಲ್ಲಿಯೂ ಅದು ಬಾಕಿದಾರರ ಪಟ್ಟಿಗೆ ಹೋಗುತ್ತಿತ್ತು. ಬಾಗಿಲು ಹಾಕಿದ್ದೇವೆ ಎಂದು ಹೋಟೆಲಿನವರೇ ಒತ್ತಬಹುದಾದ ಒಂದು ಗುಂಡಿ ಇರಲಿ, ಹದಿನೈದು ದಿನ ಕಟಾವು ನಿಲ್ಲಲಿ, ದಂಡ ಬೇಡ ಎಂದು ಬರೆದು ಮೇಲಿನವರಿಗೆ ಕೊಟ್ಟಿದ್ದಾರೆ. ಒಪ್ಪಿಗೆ ಇನ್ನೂ ಬಂದಿಲ್ಲ. ಈಚೆಗೆ ಕೇಳಿದಾಗ ಎರಡನೆಯ ಸಲ ಕಳಿಸಿದ್ದೇನೆ ಎಂದರು.

ನಮ್ಮ ಪಾಲಿನ ಕೆಲಸ

ಲೂಕನ ಮೇಲ್ವಿಚಾರಕ ಪತ್ರ ತಿದ್ದಿದ್ದು ತನ್ನ ಹೊಟ್ಟೆಪಾಡಿಗೆ. ಆದರೂ ಆ ಕಥೆಯಿಂದ ನಮಗೆ ಒಂದು ವಿಷಯ ಹೊಳೆಯುತ್ತದೆ. ಸಾಲದ ಪತ್ರದಲ್ಲಿ ಏನು ಬರೆದಿದೆಯೋ ಅದು ಆಕಾಶದಿಂದ ಬಿದ್ದದ್ದಲ್ಲ, ಒಂದು ಕೈ ಬರೆದದ್ದು, ಇನ್ನೊಂದು ಕೈ ಬದಲಿಸಬಲ್ಲದ್ದು. ಪೆರೂಜಾದಲ್ಲಿ ಗುರುಗಳು, ಉಡುಪಿಯಲ್ಲಿ ಒಬ್ಬ ವೈದ್ಯರು ಮತ್ತು ಅವರ ಗೆಳೆಯರು ಬೇರೆ ರೀತಿಯಲ್ಲಿ ಬರೆದು ತೋರಿಸಿದರು. ಇಂದು ಆ ಲೇಖನಿ ನಮ್ಮ ವಯಸ್ಸಿನವರ ಕೈಯಲ್ಲಿದೆ. ನಮ್ಮ ಧರ್ಮಕೇಂದ್ರದಿಂದಲೇ ಆರು ಮಂದಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿದ್ದೀರಿ. ನೀವು ಬರೆಯುವ ನಿಯಮದ ಆ ತುದಿಯಲ್ಲಿ ಯಾರಿದ್ದಾರೆ ಎಂದು ಒಮ್ಮೆ ಹೋಗಿ ನೋಡಿ, ಅಲ್ಲಿ ಊಟ ಮಾಡಿ ಬನ್ನಿ.

ಸಾಫ್ಟ್‌ವೇರ್ ಬಾರದ ನಮ್ಮಂಥವರಿಗೂ ಕೆಲಸವಿದೆ. ಬರುವ ತಿಂಗಳ ಮೊದಲ ಭಾನುವಾರ ಬಲಿಪೂಜೆಯ ನಂತರ ಸಭಾಂಗಣದಲ್ಲಿ ಒಂದು ಮೇಜು ಹಾಕುತ್ತೇವೆ. ಹೋಟೆಲು, ಬೇಕರಿ, ಟೀ ಅಂಗಡಿ, ತಳ್ಳುಗಾಡಿ ಇಟ್ಟುಕೊಂಡವರು ಯಾವ ಧರ್ಮದವರಾದರೂ ಸರಿ, ಫೋನು ತನ್ನಿ. ಆ್ಯಪಿನಲ್ಲಿ ಸಾಲ ತೆಗೆದುಕೊಂಡಿದ್ದರೆ, ತೆಗೆದುಕೊಳ್ಳಬೇಕೆಂದಿದ್ದರೆ, ಆ ಮುಖ್ಯ ಮಾಹಿತಿ ಪತ್ರವನ್ನು ಕೂತು ಓದಿ, ವರ್ಷದ ಬಡ್ಡಿ ಎಷ್ಟು, ಅಂಗಡಿ ಮುಚ್ಚಿದರೆ ಏನು ಎಂದು ಕನ್ನಡದಲ್ಲಿ ಹೇಳುತ್ತೇವೆ. ಪಿಗ್ಮಿ ಕಟ್ಟಲು ಇಷ್ಟವಿದ್ದರೆ ಅದರ ವಿವರವನ್ನೂ ಕೊಡುತ್ತೇವೆ. ಲೆಕ್ಕ ಹಾಕಲು ಬರುವ ನಾಲ್ವರು ಬೇಕು. ಹೆಸರು ಕೊಡಿ.

ವೇಳಾಂಕಣಿಯಿಂದ ಹಿಂದಿರುಗುವಾಗ ನಾವು ಮತ್ತೆ ಪಲ್ಲಡಂನಲ್ಲಿ ಇಳಿದೆವು. ಹರಕೆ ಮುಗಿದಿತ್ತು, ಆದ್ದರಿಂದ ಕೋಳಿಯನ್ನೇ ತಿಂದೆವು. ಅಣ್ಣ ಅಕ್ಕನ ಫೋನು ತೆಗೆದುಕೊಂಡು ಆ ಪತ್ರ ಹುಡುಕಿ, ಸಾಲು ಸಾಲಾಗಿ ಓದಿ ಹೇಳಿದರು. ದಂಡದ ಬಗ್ಗೆ ದೂರು ಬರೆದು ಕಳಿಸಿದರು. ಅದರ ಉತ್ತರವನ್ನೂ ಕಾಯುತ್ತಿದ್ದೇವೆ. ದುಡ್ಡನ್ನು ಈ ಸಲ ನೋಟಿನಲ್ಲೇ ಕೊಟ್ಟೆವು. ಅಕ್ಕ ಎಣಿಸಿ, ಒಂದು ನೂರರ ನೋಟನ್ನು ಬೇರೆ ಮಾಡಿ ಸಾಸಿವೆ ಡಬ್ಬಿಗೆ ಹಾಕಿ ಮುಚ್ಚಿದರು.

ಸಂತ ಮತ್ತಾಯರೇ, ಲೆಕ್ಕ ಬರೆಯುವ ಎಲ್ಲರಿಗಾಗಿ ಪ್ರಾರ್ಥಿಸಿರಿ.